ಎಪ್ಪತ್ನಾಲ್ಕರ ಅವ್ವಗ ಬಸ್ಸಿನ್ಯಾಗ ಲಂಡನ್ ತೋರ್ಸಿದ್ದು: ನನ್ನ ಅನುಭವ

ಆಗಂಗಿಲ್ಲ ಅಂದವ್ರು ನಾಲ್ಕು ಮಂದಿ. ತಮ್ಮ, ತಮ್ಮನ ಹೆಂಡ್ತಿ, ನಮ್ಮ ಮನ್ಯಾಕಿ, ಮತ್ತ ವಿಜಯಪುರದಿಂದ ಫೋನ್ ಹಚ್ಚಿದ ನಮ್ಮ ಭಾವ. "ಮೊಣಕಾಲು ಹಿಡದಾವ, ಆಕಿನ್ನ ಮನ್ಯಾಗ ಕುಂಡ್ರಿಸಿ ನೀವ ಹೋಗಿ ಬರ್ರಿ" ಅಂತ. ಅವ್ವ ಏನೂ ಅನ್ಲಿಲ್ಲ, ಆದ್ರ ಅಕಿ ಸುಮ್ನಿದ್ದದ್ದ ನನಗ ಹೆಚ್ಚು ಹತ್ತಿತು. ಅಷ್ಟು ದೂರ ವಿಮಾನದಾಗ ಕುಂತು ಬಂದಾಕಿ ಲಂಡನ್ನಿನ ಟೂಟಿಂಗ್‌ನ್ಯಾಗ ತಮ್ಮನ ಮನ್ಯಾಗ ಕಿಡಕಿ ನೋಡ್ಕೋತ ಕುಂಡ್ರಬೇಕೇನು?

ಇದು 2024ರ ಬ್ಯಾಸಿಗಿ. ಮೊದಲ್ನೇ ಶನಿವಾರ ಪೂರಾ ಫೇಲ್ ಆತು, ಅದನ್ನೂ ಹೇಳ್ತೀನಿ. ತಮ್ಮ ಹೇಳ್ದಂಗ ಟ್ಯೂಬ್ ಅಂದ್ರ ನೆಲದೊಳಗಿನ ರೈಲು ಹತ್ತಿದ್ವಿ, ಲಗೂ ಮುಟ್ತೀವಿ ಅಂತ. ರೈಲು ಲಗೂನ ಹೋತು ಖರೆ, ಆದ್ರ ನಡುವ ಒಂದು ದೊಡ್ಡ ಸ್ಟೇಷನ್‌ನ್ಯಾಗ ಲೈನ್ ಬದಲಿ ಮಾಡೂದ್ರಾಗ ನೆಲದ ಒಳಗ ನಡದು ನಡದು, ಮೆಟ್ಟಿಲ ಹತ್ತಿ ಇಳದು, ಅವ್ವ ಗ್ವಾಡಿ ಹಿಡ್ಕೊಂಡು ನಿಂತಬಿಟ್ಲು. ಮ್ಯಾಲ ಬಂದು ಟ್ಯಾಕ್ಸಿ ಮಾಡಿ ಮನಿಗೆ. ಟ್ಯಾಕ್ಸಿಗೆ ಸುಮಾರು 50 ಪೌಂಡ್, ಹೊಟೇಲ್ ಊಟ, ಟಿಕೆಟ್ ಎಲ್ಲಾ ಸೇರಿ 160ರ ಮ್ಯಾಲ ಹೋತು, ನಮ್ಮ ಲೆಕ್ಕದಾಗ ಹದಿನೇಳು ಸಾವಿರ ರೂಪಾಯಿ, ನೋಡಿದ್ದು ಒಂದ ಜಾಗಾನೂ ಇಲ್ಲ.

ಆಮ್ಯಾಲ ವಾರಪೂರ್ತಿ ರಾತ್ರಿ ಕುಂತು ಬಸ್ ಮ್ಯಾಪ್ ನೋಡಿದೆ. ಅಲ್ಲಿ ಬಸ್ ಎಲ್ಲಾ ತಳ ತಗ್ಗಿನವು, ಮೆಟ್ಟಿಲ ಹತ್ತೂದಿಲ್ಲ, ವಯಸ್ಸಾದವ್ರಿಗೆ ಮುಂದಿನ ಸೀಟು ಬ್ಯಾರೆ ಇರ್ತಾವ. ಆಗ ಒಂದು ಸಲಕ್ಕ 1.75 ಪೌಂಡ್ ಇತ್ತು, ಒಂದು ತಾಸಿನ ಒಳಗ ಎಷ್ಟ ಬಸ್ ಬದಲಿ ಮಾಡಿದ್ರೂ ಅಷ್ಟ. ದಿನಾಪೂರ್ತಿ ತಿರುಗಿದ್ರೂ ಒಬ್ಬರಿಗೆ 5.25 ದಾಟತಿದ್ದಿಲ್ಲ. ಹನ್ನೊಂದರ ಒಳಗಿನ ಹುಡುಗ್ರಿಗೆ ಫ್ರೀ. ಆದ್ರ ರೊಕ್ಕಾ ಕೊಟ್ರ ತೊಗೊಳ್ಳಂಗಿಲ್ಲ, 2014ರಾಗ ಬಂದ್ ಮಾಡ್ಯಾರ, ಕಾರ್ಡ್ ಇಲ್ಲಾ ಫೋನ್ ಮಿಷನ್‌ಗೆ ಮುಟ್ಟಿಸಿ ಟ್ಯಾಪ್ ಮಾಡಬೇಕು. ಮತ್ತ ಒಂದ ಕಾರ್ಡ್‌ನ್ಯಾಗ ಎಲ್ಲರದೂ ಟ್ಯಾಪ್ ಮಾಡ್ತೀನಿ ಅಂದ್ರ ನಡಿಯಂಗಿಲ್ಲ, ಡ್ರೈವರ್ ನನ್ನ ಕೆಳಗ ಇಳಸ್ಯಾನ. ಊರಿಂದ ಒಯ್ದಿದ್ದ ನನ್ನ ಒಂದು ಕಾರ್ಡ್ ಅಂತೂ ಟ್ಯಾಪ್ ಆಗ್ಲೇ ಇಲ್ಲ. ಅವ್ವಗ ಆಯ್ಸ್ಟರ್ ಅಂತ ರೊಕ್ಕಾ ತುಂಬಿಸೂ ಹೊಸ ಪ್ರಯಾಣದ ಕಾರ್ಡ್ ತೊಗೊಂಡ್ರ ಆಗ ಕಾರ್ಡಿಗೇ 7 ಪೌಂಡ್ ಇತ್ತು, ವಾಪಸ್ ಬರಂಗಿಲ್ಲ. ಅದಕ್ಕ ತಮ್ಮನ ಎರಡ್ನೇ ಬ್ಯಾಂಕಿನ ಕಾರ್ಡ್ ಅವ್ವನ ಸೆರಗಿನ್ಯಾಗ ಕಟ್ಟಿದೆ. ಒಂದ ಕಾರ್ಡನ್ನ ಫೋನಿನ್ಯಾಗೂ ಹಾಕ್ಕೊಂಡಿದ್ರ ಮಿಷನ್ ಅದನ್ನ ಬ್ಯಾರೆ ಅಂತ ಎಣಸ್ತದ. ಹೋಗೂವಾಗ ಫೋನು ಬರೂವಾಗ ಕಾರ್ಡ್ ಮಾಡಿದ್ರ ಆ ದಿನದ ಮಿತಿ ಲೆಕ್ಕ ತಪ್ಪತದ, ನೋಡ್ಕೋರಿ.

ಎರಡ್ನೇ ಸಲ ಹೊರಡೂ ಹಿಂದಿನ ರಾತ್ರಿ ಕಟ್ಟಿದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪ ಖಾರ, ಮಡಕಿ ಕಾಳಿನ ಪಲ್ಯ. ಮೊದಲ್ನೇ ಶನಿವಾರ ಮೊಸರು ಒಯ್ದು ಬ್ಯಾಗೆಲ್ಲಾ ಚೆಲ್ಲಿತ್ತು, ಈ ಸಲ ಮೊಸರು ಕಟ್ಟ್ಲಿಲ್ಲ.

ಬೆಳಿಗ್ಗೆ ಒಂಬತ್ತೂವರಿಗೆ 77 ನಂಬರ್ ಬಸ್. ಹುಡುಗ್ರು ಮ್ಯಾಲ ಮುಂದಿನ ಸೀಟಿಗೆ ಓಡಿದ್ರು, ಅವ್ವ ಕೆಳಗ. ನನ್ನ ಪ್ಲಾನಿನ ಜೀವಾನ ಇದು: ಅವ್ವ ಸುಸ್ತಾಗೂಕಿಂತ ಮೊದ್ಲ ಅಕಿಗೆ ಬೇಕಾದ್ದು ತೋರ್ಸೂದು, ನಮ್ಮದು ಆಮ್ಯಾಲ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ್ಯಾಗ ಇಳದ್ವಿ. ಥೇಮ್ಸ್ ದಂಡಿಗೆ ಅಣ್ಣ ಬಸವಣ್ಣನ ಮೂರ್ತಿ, 2015ರ ನವೆಂಬರ್ 14ಕ್ಕ ನಮ್ಮ ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ಹೊಳಿ ಆಚಿಗೆ ಪಾರ್ಲಿಮೆಂಟ್. ಅವ್ವನ ತವರು ಬಾಗೇವಾಡಿ ಮಗ್ಗಲಿನ ಹಳ್ಳಿ. ಅಕಿಗೆ ನಾನು ಮೊದ್ಲ ಹೇಳಿದ್ದಿಲ್ಲ. ನೋಡಿದಾಕಿನ "ಏ ಯಪ್ಪಾ, ನೀ ಇಲ್ಲಿಗೂ ಬಂದೀಯೇನೋ" ಅಂದು ಕಣ್ಣೀರು ಹಾಕಿದ್ಲು, ಚೀಲದಾಗಿನ ವಿಭೂತಿ ತಗದು ಹಣಿಗೆ ಹಚ್ಕೊಂಡ್ಲು, ಒಂದು ವಚನ ಅಂದ್ಲು. ಅಲ್ಲೇ ಬಾಜೂಕ ಬೆಂಚಿನ ಮ್ಯಾಲ ರೊಟ್ಟಿ ಗಂಟು ಬಿಚ್ಚಿದ್ವಿ. ಮುಕ್ಕಾಲು ತಾಸು ಕುಂತ್ವಿ, ಯಾರೂ ಗಡಿಬಿಡಿ ಮಾಡ್ಲಿಲ್ಲ.

ಆಮ್ಯಾಲ ವಾಟರ್‌ಲೂ. ಅಲ್ಲಿ ಸ್ಟೇಷನ್‌ನ್ಯಾಗ ಟಾಯ್ಲೆಟ್ ಫ್ರೀ, ವಯಸ್ಸಾದವ್ರನ್ನ ಒಯ್ಯವ್ರು ಇದನ್ನ ಮರೀಬ್ಯಾಡ್ರಿ. ಸೇತುವೆ ದಾಟಿ 15 ನಂಬರ್ ಹಿಡದು ಸೇಂಟ್ ಪಾಲ್ಸ್ ಅನ್ನೂ ದೊಡ್ಡ ಚರ್ಚಿಗೆ.

ಇಲ್ಲಿ ನನಗ ಒಂದು ಹುಚ್ಚಿತ್ತು. ನಾವು ಗೋಲಗುಮ್ಮಟದ ಊರವ್ರು, ಅವ್ರ ಗುಮ್ಮಟ ನೋಡಬೇಕು ಅಂತ. ಒಳಗ ಹೋಗಾಕ ಆಗ ತಲಿಗೆ ಸುಮಾರು 25 ಪೌಂಡ್ ಇತ್ತು, ದೊಡ್ಡವ್ರ ಐದು ಮಂದಿ ಇದ್ವಿ, ಆಗೂ ಮಾತಲ್ಲ. ಅದರ ಬಾಜೂಕ ಒನ್ ನ್ಯೂ ಚೇಂಜ್ ಅಂತ ಮಾಲ್ ಅದ, ಲಿಫ್ಟಿನ್ಯಾಗ ಮಾಳಗಿ ಮ್ಯಾಲ ಬಿಡ್ತಾರ, ಒಂದು ಪೈಸಾ ಇಲ್ಲ, ಗುಮ್ಮಟ ಎದುರಿಗೇ ನಿಂತಿರ್ತದ. ಎತ್ತರ ಅವ್ರದ ಹೆಚ್ಚು, 111 ಮೀಟರ್. ಆದ್ರ ಅಗಲ ನಮ್ದ, ಅವ್ರದು ಸುಮಾರು 34 ಮೀಟರ್, ನಮ್ದು 44. ನಮ್ದು 1656ಕ್ಕ ಮುಗದದ, ಅವ್ರು ಕಟ್ಟಾಕ ಹತ್ತಿದ್ದ 1675ಕ್ಕ. ಹುಡುಗ್ರಿಗೆ ಇದನ್ನ ಎರಡು ಸಲ ಹೇಳಿ ಬಾಯಿಪಾಠ ಮಾಡ್ಸಿದೆ.

ಮತ್ತ 15 ಹಿಡದು ಟವರ್ ಆಫ್ ಲಂಡನ್ ಅನ್ನೂ ಕೋಟಿ ಕಡೆ. ಕೊಹಿನೂರ್ ನೋಡೋಣು ಅಂತ ನಮ್ಮ ಮನ್ಯಾಕಿ ಆಸಿ ಮಾಡಿದ್ಲು, ಆದ್ರ ಟಿಕೆಟ್ 30 ಪೌಂಡ್ ದಾಟಿತ್ತು, ಬ್ಯಾಡಂದೆ, ಇದೊಂದು ನನಗ ಇನ್ನೂ ಕೊರೀತದ. ಆದ್ರ ನನ್ನ ಕೈಯಾಗ ಒಂದು ಇತ್ತು, ಯಾರಿಗೂ ಹೇಳಿದ್ದಿಲ್ಲ. 1894ರ ಆ ಟವರ್ ಬ್ರಿಜ್ ಹಡಗ ಬಂದ್ರ ನಡುವ ಎರಡು ಹೋಳಾಗಿ ಮ್ಯಾಲ ಏಳ್ತದ, ವರ್ಷಕ್ಕ ಸುಮಾರು 800 ಸಲ. ಹಡಗಿನವ್ರು ಮುಂಚೇನ ಬುಕ್ ಮಾಡಬೇಕು, ಅದಕ್ಕ ಯಾವತ್ತು ಎಷ್ಟಕ್ಕ ಅಂತ ಬ್ರಿಜ್‌ನವ್ರ ವೆಬ್‌ಸೈಟ್‌ನ್ಯಾಗ ಇರ್ತದ. ಇಡೀ ದಿನದ ಪ್ಲಾನನ್ನ ಆ ಟೈಮಿನಿಂದ ಹಿಂದಕ್ಕ ಲೆಕ್ಕ ಹಾಕಿದ್ದೆ. ಎಲ್ಲಿ ಅವ್ವನ್ನ ಕುಂಡ್ರಿಸಿದೆ ಅಂತ ಬರ್ಯಂಗಿಲ್ಲ, ಮುಂದಿನ ಸಲ ನಮಗ ಜಾಗಾ ಸಿಗಬೇಕಲ್ಲ. ನಾಲ್ಕು ದಾಟಿ ಸ್ವಲ್ಪ ಹೊತ್ತಿಗೆ ಗಂಟಿ ಬಾರಿಸಿತು, ಗಾಡಿ ನಿಂತ್ವು, ರಸ್ತಾನ ಎದ್ದು ನಿಂತಿತು. ಹುಡುಗ್ರು ಚೀರ್ಯಾಡಿದ್ರು. ಹತ್ತು ವರ್ಷ ಲಂಡನ್‌ದಾಗ ಇದ್ದ ನಮ್ಮ ತಮ್ಮ ಅದನ್ನ ಅವತ್ತ ಮೊದ್ಲು ನೋಡಿದ್ದು. "ಅಣ್ಣಾ, ನಿನಗ ಹೆಂಗ ಗೊತ್ತಾತೋ" ಅಂದ.

ಬರೂವಾಗ ಹೊಳಿಯಾಗ ಬೋಟ್ ಹತ್ತೋಣು ಅಂತ ತಮ್ಮ ಜೋರು ಮಾಡಿದ. ಹತ್ತಿದ್ವಿ, ಅವ್ವಗ ಛಲೋ ಅನಿಸ್ತು, ಆದ್ರ ಅದು ಬಸ್ಸಿನ ಲೆಕ್ಕದಾಗ ಬರಂಗಿಲ್ಲ, ಹುಡುಗ್ರು ಸೇರಿ ಏಳು ಮಂದಿಗೆ ಹತ್ರ ಹತ್ರ 50 ಪೌಂಡ್ ಹೋತು. ಅದನ್ನ ಬಿಟ್ರ ಬಸ್ಸಿಗೆ 26, ಚಹಾ ಐಸ್‌ಕ್ರೀಮ್ 20ರ ಆಸುಪಾಸು. ಬೋಟ್ ಹಿಡದರೂ ಮೊದಲ್ನೇ ಶನಿವಾರದಕಿಂತ ಭಾಳ ಕಡಿಮಿ.

ಎಂಟೂವರಿಗೆ ಮನಿ ಮುಟ್ಟಿದ್ವಿ. ಅವ್ವ ಕಾಲಿಗೆ ಎಣ್ಣಿ ಹಚ್ಕೋತ ಭಾವಗ ಫೋನ್ ಹಚ್ಚಿಸಿಕೊಂಡು ಬಸವಣ್ಣನ ಸುದ್ದಿನ ಅರ್ಧಾ ತಾಸು ಹೇಳಿದ್ಲು.