ಕಾರಿನ ಪಾಠಕ್ಕೂ ಮೊದಲು ಒಂದು ತಾಸು ಸೈಕಲ್ಲು

ಹುಬ್ಬಳ್ಳಿಯಲ್ಲಿ ಕಾರು ಕಲಿಸುವುದು ನನ್ನ ಉದ್ಯೋಗ. ಎಡಗಡೆ ಸೀಟಿನಲ್ಲಿ ಕೂತು, ನಮ್ಮ ಬದಿಗೆ ಹಾಕಿಸಿದ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, "ಕ್ಲಚ್ ಸಾವಕಾಶ ಬಿಡಪಾ" ಎಂದು ದಿನವಿಡೀ ಹೇಳುವ ಕೆಲಸ. ಮನೆಯಿಂದ ಆಫೀಸಿಗೆ ಬರುವುದು ಮಾತ್ರ ಸೈಕಲ್ ಮೇಲೆ. ಹೆಸರು ಹಚ್ಚಲು ಬಂದವರು ಬಾಗಿಲಲ್ಲಿ ನಿಂತ ಸೈಕಲ್ ಯಾರದೆಂದು ಕೇಳುತ್ತಾರೆ. ನನ್ನದೇ ಎಂದರೆ ಒಮ್ಮೆ ನನ್ನ ಮುಖ, ಒಮ್ಮೆ ಮೇಲಿನ ಬೋರ್ಡು ನೋಡುತ್ತಾರೆ. ಕಾರು ಕಲಿಸುವವನು ಸೈಕಲ್ ಹೊಡೆಯುವುದೆಂದರೆ ಅವರಿಗೆ ಏನೋ ಅನುಮಾನ.

ಅನುಮಾನ ಪಡಲಿ. ನಾನು ಕಲಿಸುವ ಪದ್ಧತಿ ಬಂದದ್ದೇ ಸೈಕಲ್ಲಿನಿಂದ. ಹದಿನೆಂಟು ತುಂಬಿದ ಹುಡುಗ ಹುಡುಗಿಯರಿಗೆ ಗೇರು, ಕ್ಲಚ್ಚು, ರಿವರ್ಸು ಕಲಿಸುವುದು ದೊಡ್ಡ ಮಾತಲ್ಲ. ಕೆಲವು ದಿನಗಳಲ್ಲಿ ಕೈಕಾಲು ತಾವೇ ಹೊಂದಿಕೊಳ್ಳುತ್ತವೆ. ಪಳಗದೆ ಉಳಿಯುವುದು ಕಣ್ಣು. ರಸ್ತೆಯ ಎಡ ಅಂಚಿನಲ್ಲಿ ಯಾರಿದ್ದಾರೆ, ಮರುಗಳಿಗೆ ಅವರು ಏನು ಮಾಡಬಹುದು ಎಂಬುದು ಆ ಅಂಚಿನಲ್ಲಿ ತಾವೇ ಹೋಗಿಬಂದವರಿಗೆ ಬೇಗ ಹೊಳೆಯುತ್ತದೆ. ಅದಕ್ಕೇ ಸ್ಟೀರಿಂಗ್ ಕೈಗೆ ಕೊಡುವ ಮೊದಲು ಅವರನ್ನು ಒಂದು ತಾಸು ಸೈಕಲ್ ಮೇಲೆ ಕೂಡಿಸುತ್ತೇನೆ.

ಮೊದಲಿಗೆ ಕೇಳುವುದು, "ಸೈಕಲ್ ಬರ್ತೈತೇನು?" ಬರುತ್ತದೆ ಎನ್ನುವವರಲ್ಲೂ ಎರಡು ಥರ. ಕುಂದಗೋಳ, ನವಲಗುಂದದ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದ ತರುಣರಲ್ಲಿ ಕೆಲವರು ಎಂಟನೇ ಇಯತ್ತೆಯಲ್ಲಿ ಸಿಕ್ಕ ಸರ್ಕಾರಿ ಸೈಕಲ್ ತುಳಿದು ಬೆಳೆದವರು. ರಾಜ್ಯದಲ್ಲಿ ಆ ಯೋಜನೆ 2006-07ರಲ್ಲಿ ಶುರುವಾದದ್ದು. ಹಳ್ಳಿಯಿಂದ ಹೈಸ್ಕೂಲಿಗೆ ಲಾರಿ, ಟ್ರ್ಯಾಕ್ಟರ್ ಓಡಾಡುವ ರಸ್ತೆಯಲ್ಲೇ ಹೋಗಿಬಂದವರು ಅವರು. ಹಿಂದಿನಿಂದ ಬರುವುದು ಟಂಟಮ್ಮೋ ಲಾರಿಯೋ ಎಂಬುದನ್ನು ಸಪ್ಪಳದಲ್ಲೇ ಗುರುತಿಸುತ್ತಾರೆ, ತಗ್ಗು ದೂರದಲ್ಲಿದ್ದಾಗಲೇ ದಾರಿ ನಿರ್ಧರಿಸುತ್ತಾರೆ. ಇನ್ನೊಂದು ಥರದವರು ಊರೊಳಗಿನವರು. ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಸುತ್ತು ಹೊಡೆದು, ಸ್ಕೂಲ್ ವ್ಯಾನಿನಿಂದ ನೇರ ಸ್ಕೂಟಿಗೆ, ಸ್ಕೂಟಿಯಿಂದ ಕಾರಿಗೆ ಬಂದವರು. ಇವರ ದೃಷ್ಟಿ ಬಾನೆಟ್ ದಾಟಿ ಮುಂದೆ ಹೋಗುವುದೇ ಇಲ್ಲ. ಮೊದಲಿನವರಿಗೆ ಗೇರು ಬದಲಿಸಲು ಸ್ವಲ್ಪ ತಡವಾದರೂ ರಸ್ತೆಗೆ ಬಿಡಲು ನನಗೆ ಅಂಜಿಕೆ ಇಲ್ಲ.

ಇದಕ್ಕೆ ತಕರಾರು ತೆಗೆಯುವವರು ಹುಡುಗರಲ್ಲ, ಅವರ ಅಪ್ಪಂದಿರು. "ರೊಕ್ಕಾ ಕೊಟ್ಟಿದ್ದು ಕಾರ್ ಕಲಿಸಾಕ್ರಿ, ಸೈಕಲ್ ಕಲಿಸಾಕಲ್ಲ" ಎಂದು ಒಬ್ಬರು ಆಫೀಸಿಗೇ ಬಂದರು. ಆ ತಾಸಿನ ಲೆಕ್ಕ ಫೀಯಲ್ಲಿ ಹಿಡಿಯುವುದಿಲ್ಲ ಎಂದೆ. ಸುಮ್ಮನಾದರು. ಹುಬ್ಬಳ್ಳಿ ವ್ಯಾಪಾರಸ್ಥರ ಊರು. ಪುಕ್ಕಟೆ ಎಂದ ಮೇಲೆ ವಾದ ಮುಗಿದಂತೆ.

ಈ ತಾಸನ್ನು ಭಾನುವಾರ ಬೆಳಗ್ಗೆ ಇಟ್ಟುಕೊಳ್ಳುತ್ತೇನೆ. ಹಾಲಿನವರು, ಪೇಪರ್ ಹಾಕುವ ಹುಡುಗರು ಓಡಾಡುವ ಹೊತ್ತು. ಹೊಸೂರು ಕಡೆಯಿಂದ ಹೊರಟು ವಿದ್ಯಾನಗರ ಹಾಯ್ದು ಉಣಕಲ್ ಕೆರೆಯವರೆಗೆ ಹೋಗುತ್ತೇವೆ. ಹುಡುಗ ಮುಂದೆ, ನಾನು ಹಿಂದೆ. ವಾಪಸ್ ಬರುವುದು ಬೇಕಂತಲೇ ಸ್ವಲ್ಪ ತಡಮಾಡಿ, ಟ್ರಾಫಿಕ್ ಏಳಲು ಶುರುವಾದ ಮೇಲೆ. ಉಣಕಲ್ ನಾಲೆಯ ಬದಿಗೆ ಸೈಕಲ್ಲಿಗೆಂದೇ ದಾರಿ ಮಾಡಿದ್ದಾರೆ, ಅಲ್ಲೇ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಹೋಗಬಹುದು, ಆರಾಮವಾಗಿಯೂ ಇರುತ್ತದೆ. ಆದರೆ ನನಗೆ ಬೇಕಾದ ಪಾಠ ಆರಾಮದ ದಾರಿಯಲ್ಲಿ ಸಿಗುವುದಿಲ್ಲ. ಎಂಥ ಸೈಕಲ್ ಪಥವಾದರೂ ಎಲ್ಲೋ ಒಂದು ಕಡೆ ಮುಗಿದು, ಕಾರು ಬಸ್ಸಿನ ನಡುವೆ ಬಂದು ಸೇರಲೇಬೇಕು.

ಆಮೇಲಿನದು ಲೇಔಟಿನ ಪಾಠ. ಗೋಕುಲ ರೋಡ್ ಆಚೆ ಪ್ಲಾಟು ಹಾಕಿ, ರಸ್ತೆ ಮಾಡಿ, ಮನೆ ಇನ್ನೂ ಏಳದ ಜಾಗಗಳಿವೆ. ಅಲ್ಲಿ ಹುಡುಗನನ್ನು ಸೈಕಲ್ ಹಿಡಿಸಿ ರಸ್ತೆಯ ಅಂಚಿಗೆ ನಿಲ್ಲಿಸುತ್ತೇನೆ. ಕಾರು ನನ್ನ ಕೈಯಲ್ಲಿ. ಮೊದಲು ದೂರದಿಂದ ದಾಟುತ್ತೇನೆ, ಆಮೇಲೆ ಒಂದು ತೋಳಿನಷ್ಟು ಅಂತರದಲ್ಲಿ. ವೇಗ ಎರಡೂ ಸಲ ಮೂವತ್ತೇ. ಎರಡನೇ ಸಲ ಅಂಗಿ ಪಟಪಟ ಎನ್ನುತ್ತದೆ, ಕಣ್ಣಿಗೆ ಧೂಳು ಬೀಳುತ್ತದೆ, ಯಾರೂ ಹೇಳದೆ ಕಾಲು ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಕೇಶ್ವಾಪುರದ ಒಬ್ಬ ಇಂಜಿನಿಯರಿಂಗ್ ಹುಡುಗ ಮೀಟರ್ ನೋಡಲು ಕಾರಿನ ತನಕ ಓಡಿ ಬಂದ. "ಮೂವತ್ತ ಅಂದ್ರ ನಂಬಾಂಗಿಲ್ರಿ ಸರ್ರ, ಅರವತ್ತರಾಗ ಬಂದಂಗ ಆತು." ಅದೇ ಮೂವತ್ತನ್ನು ಅವನು ಒಳಗೆ ಕೂತಾಗ "ಭಾಳ ಸ್ಲೋ ಆತಲ್ರಿ" ಎಂದಿದ್ದ.

ಅಂತರ ಎಷ್ಟು ಬಿಡಬೇಕು ಎಂಬುದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಕಾರು ನಿಲ್ಲಿಸಿ, ಎಡಗಡೆ ಮುಂದಿನ ಬಾಗಿಲು ಪೂರ್ತಿ ತೆರೆದು, ಅದರ ತುದಿಯ ನೇರಕ್ಕೆ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗೆರೆ ಎಳೆಯುತ್ತೇನೆ. ನಮ್ಮ ಸಣ್ಣ ಕಾರಿಗೆ ಅದು ಮೀಟರಿನ ಆಸುಪಾಸು. ಅದರ ಮೇಲೆ ಇನ್ನರ್ಧ ಸೇರಿಸಿ ಇನ್ನೊಂದು ಗೆರೆ. ಈ ಒಂದೂವರೆ ಮೀಟರ್ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ ಸೈಕಲ್ಲಿನವರನ್ನು ದಾಟುವಾಗ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಬಿಡಬೇಕೆಂದು 2020ರಲ್ಲಿ ನಿಯಮವನ್ನೇ ಮಾಡಿದ್ದಾರೆ. ದಾಜಿಬಾನ ಪೇಟೆಯಲ್ಲಿ ಅಷ್ಟು ಜಾಗ ಎಲ್ಲಿಂದ ತರಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಜಾಗ ಇಲ್ಲದಿದ್ದರೆ ದಾಟಬೇಡ, ಎರಡನೇ ಗೇರಿನಲ್ಲಿ ಹಿಂದೆಯೇ ಹೋಗು, ಜಾಗ ಸಿಕ್ಕಾಗ ದಾಟು. ಹರೆಯದವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ. ಕಾರಿನಲ್ಲಿ ಕೂತು ಸೈಕಲ್ಲಿನ ಹಿಂದೆ ಹೋಗುವುದೆಂದರೆ ಮರ್ಯಾದೆ ಹೋದಂತೆ. "ಹಿಂದಿನಾವ ಹಾರ್ನ್ ಹೊಡಿಯಾಕತ್ತಾನ್ರಿ" ಎಂದು ಚಡಪಡಿಸುತ್ತಾರೆ. "ಹೊಡೀಲಿ ಬಿಡು, ಅವನ ಬ್ಯಾಟರಿ."

ವೇಗದ ಲೆಕ್ಕವನ್ನೂ ಅಲ್ಲೇ ಹೆಜ್ಜೆ ಹಾಕಿಸಿ ತೋರಿಸುತ್ತೇನೆ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. 30 ಎಂದರೆ 8 ಮೀಟರಿಗೆ ಸ್ವಲ್ಪ ಹೆಚ್ಚು. ಎದುರಿನ ಸೈಕಲ್ಲಿನವ ತಗ್ಗು ತಪ್ಪಿಸಲು ಬಲಕ್ಕೆ ಹೊರಳಿದ್ದನ್ನು ಕಂಡು ಬ್ರೇಕಿಗೆ ಕಾಲು ಹೋಗುವುದರೊಳಗೆ ಒಂದು ಸೆಕೆಂಡ್ ಖರ್ಚಾಗಿರುತ್ತದೆ. ಬ್ರೇಕು ಹಿಡಿಯುವುದು ಆಮೇಲಿನ ಮಾತು.

ಇನ್ನು ಕಂಬದ ವಿಷಯ. ಮುಂದಿನ ಗಾಜಿನ ಎರಡೂ ಬದಿಗೆ ಛಾವಣಿ ಹೊತ್ತ ಕಂಬಗಳಿರುತ್ತವೆ. ಕಾರು ಉರುಳಿದರೂ ಒಳಗಿನವರು ಉಳಿಯಲಿ ಎಂದು ಹೊಸ ಕಾರುಗಳಲ್ಲಿ ಇವನ್ನು ದಪ್ಪ ಮಾಡಿದ್ದಾರೆ. ಒಳಗಿನವರಿಗೆ ಒಳ್ಳೆಯದೇ; ಹೊರಗಿನವನು ಮಾತ್ರ ಇದರ ಹಿಂದೆ ಪೂರ್ತಿ ಅಡಗಿಬಿಡುತ್ತಾನೆ. ಶಿಷ್ಯನನ್ನು ಡ್ರೈವರ್ ಸೀಟಿನಲ್ಲಿ ಕೂಡಿಸಿ, ತಲೆ ಅಲುಗಿಸಬೇಡ ಎಂದು ಹೇಳಿ, ನಾನು ಸೈಕಲ್ ತಳ್ಳಿಕೊಂಡು ಕಾರಿನ ಮುಂದೆ ಅರ್ಧಚಂದ್ರಾಕಾರದಲ್ಲಿ ನಡೆಯುತ್ತೇನೆ. ಒಂದು ಕಡೆ ಬಂದಾಗ ಒಳಗಿನಿಂದ ಕೂಗು ಬರುತ್ತದೆ: "ಕಾಣವಲ್ರಿ ಸರ್ರ!" ಆಳೂ ಇಲ್ಲ, ಸೈಕಲ್ಲೂ ಇಲ್ಲ. ಸರ್ಕಲ್ಲಿನಲ್ಲಿ ಕಾರೂ ಸೈಕಲ್ಲೂ ಒಂದೇ ಲಯದಲ್ಲಿ ಚಲಿಸುತ್ತಿದ್ದರೆ ಆತ ಕಂಬದ ಮರೆಯಲ್ಲೇ ಉಳಿದು, ತೀರ ಹತ್ತಿರ ಬಂದಾಗಲೇ ಕಣ್ಣಿಗೆ ಬೀಳುತ್ತಾನೆ. ಅದಕ್ಕೇ ಜ್ಯುಬಿಲಿ ಸರ್ಕಲ್‌ನಲ್ಲಾಗಲಿ ಚನ್ನಮ್ಮ ಸರ್ಕಲ್‌ನಲ್ಲಾಗಲಿ ಕುತ್ತಿಗೆ ಮುಂದೆ ಚಾಚಿ, ಹಿಂದೆ ತಂದು, ಎರಡು ಸಲ ನೋಡಿಸುತ್ತೇನೆ. ನೋಡಿದವರು ನಕ್ಕರೆ ನಗಲಿ.

ಎಡಕ್ಕೆ ತಿರುಗುವಾಗಿನ ಅವಸರವೂ ಇಂಥದ್ದೇ. ಸೈಕಲ್ಲನ್ನು ದಾಟಿ, ತಕ್ಷಣ ಅದರ ಮುಂದೆಯೇ ಎಡಕ್ಕೆ ಒಳರಸ್ತೆಗೆ ಹೊರಳುವುದು. ಕಾರಿನವನಿಗೆ ಉಳಿಯುವುದು ನಾಲ್ಕು ಸೆಕೆಂಡ್. ಸೈಕಲ್ಲಿನವ ಬಾಗಿಲಿಗೆ ಬಂದು ಬೀಳುತ್ತಾನೆ. ತಿರುವು ಹತ್ತಿರವಿದ್ದರೆ ಅವನ ಹಿಂದೆಯೇ ನಿಂತು ತಿರುಗು ಎಂದು ಹೇಳುತ್ತೇನೆ.

ನಡುವೆ ವಯಸ್ಸಿನ ಮಾತು ಹೇಳಿಬಿಡುತ್ತೇನೆ. ಪಿಯುಸಿ ಮಕ್ಕಳನ್ನು ಕರೆತಂದು "ಲೈಸೆನ್ಸ್ ಆಮ್ಯಾಲೆ ನೋಡೂಣು, ಮದ್ಲ ಕಲಿಸ್ರಿ" ಎನ್ನುವ ತಂದೆತಾಯಿಗಳನ್ನು ನಾನು ವಾಪಸ್ ಕಳಿಸುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಅವರಿಗೆ ಓದಿ ಹೇಳಬೇಕಾಗುತ್ತದೆ. ಅಪ್ರಾಪ್ತ ಮಗ ಗಾಡಿ ಹೊಡೆದು ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಕೊನೆಯದನ್ನು ಕೇಳಿದಾಗ ತಾಯಂದಿರ ಮುಖ ಸಣ್ಣದಾಗುತ್ತದೆ. ಟ್ಯೂಷನ್ನಿಗೆ ಹೆಂಗ ಹೋಗಬೇಕ್ರಿ ಎಂದರೆ, ಸೈಕಲ್ ಇದೆ, ಬಸ್ ಇದೆ.

ಹುಬ್ಬಳ್ಳಿ-ಧಾರವಾಡದ ನಡುವಿನ ಇಪ್ಪತ್ತು ಕಿಲೋಮೀಟರ್ ನನ್ನ ಮಟ್ಟಿಗೆ ದೊಡ್ಡ ಕ್ಲಾಸ್‌ರೂಮು. 2018ರಲ್ಲಿ ಚಿಗರಿ ಬಸ್ಸುಗಳು ಓಡಲು ಶುರುವಾದ ಮೇಲೆ ರಸ್ತೆಯ ನಡುಭಾಗ ಅವಕ್ಕೇ ಮೀಸಲಾಯಿತು. ಕಾರು, ಬೈಕು, ಟಂಟಂ, ಸೈಕಲ್ಲು ಎಲ್ಲ ಸೇರಿ ಬದಿಯ ಪಟ್ಟಿಯಲ್ಲಿ ಹೋಗಬೇಕು. ನಡುವಿನ ನಿಲ್ದಾಣಕ್ಕೆ ಜನ ರಸ್ತೆ ದಾಟುತ್ತಿರುತ್ತಾರೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ ಎಂಬುದು ಕಾರಿನಲ್ಲಿ ಕೂತವನಿಗೆ ತಿಳಿಯುವುದೇ ಇಲ್ಲ. ಪೆಡಲ್ ತುಳಿಯುವವನ ತೊಡೆಗೆ ರಾಯಾಪುರ ಬರುವುದರೊಳಗೆ ತಿಳಿಯುತ್ತದೆ. ಆಷಾಢದಲ್ಲಂತೂ ಪಡುವಣ ಗಾಳಿ ನೇರ ಮುಖಕ್ಕೆ. ಏರು, ಗಾಳಿ ಎರಡೂ ಸೇರಿದರೆ ಸೈಕಲ್ಲಿನವ ನೆಟ್ಟಗೆ ಹೋಗಲಾರ, ಗೇಣು ಆಚೆ ಗೇಣು ಈಚೆ ಹೊಯ್ದಾಡುತ್ತಾನೆ. ಪಕ್ಕದಲ್ಲಿ ಲಾರಿ ಹಾಯ್ದರೆ ಒಂದು ಗಳಿಗೆ ಗಾಳಿ ನಿಂತು, ಮತ್ತೆ ಒಮ್ಮೆಲೇ ಹೊಡೆಯುತ್ತದೆ. ಆಗ ಒಂದೂವರೆ ಮೀಟರೂ ಸಾಲದು.

ನವಲೂರು ಹತ್ತಿರ ಇನ್ನೊಂದು ಪಾಠ: ಪೇರಲ ಹಣ್ಣಿನದು. ಸೀಸನ್ನಿನಲ್ಲಿ ರಸ್ತೆ ಬದಿಗೆ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕಾರಿನವರು ಹಣ್ಣು ಕಂಡ ತಕ್ಷಣ ಇಂಡಿಕೇಟರ್ ಇಲ್ಲದೆ ಎಡಕ್ಕೆ ಎಳೆದು, ಬಾಗಿಲು ದಡಾರನೆ ತೆರೆಯುತ್ತಾರೆ. ಡ್ರೈವರ್ ಬಲಗಡೆ ಕೂತಿರುವುದರಿಂದ ಅವನ ಬಾಗಿಲು ತೆರೆಯುವುದು ಓಡುವ ಟ್ರಾಫಿಕ್ಕಿಗೆ. ಎಡಗಡೆಯ ಬಾಗಿಲು ಅಂಚಿನಲ್ಲಿ ನುಸುಳುವ ಸೈಕಲ್ಲಿಗೆ. ಇದಕ್ಕೆ ಒಂದು ಸುಲಭದ ಉಪಾಯವಿದೆ. ಬಾಗಿಲನ್ನು ಅದರ ಹತ್ತಿರದ ಕೈಯಿಂದ ತೆರೆಯಬೇಡಿ, ದೂರದ ಕೈಯಿಂದ ತೆರೆಯಿರಿ: ಡ್ರೈವರ್ ಎಡಗೈಯಿಂದ, ಪಕ್ಕದವರು ಬಲಗೈಯಿಂದ. ಆಗ ಮೈ ತಾನಾಗಿ ಹೊರಳಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಡಚ್ಚರ ನಾಡಿನ ರೂಢಿಯಂತೆ, ಹೆಸರೇ 'ಡಚ್ ರೀಚ್'. ನನ್ನ ಕಾರಿನಲ್ಲಿ ಹತ್ತಿರದ ಕೈಯಿಂದ ಬಾಗಿಲು ತೆರೆದರೆ ಮತ್ತೆ ಒಳಗೆ ಕೂತು, ಬಾಗಿಲು ಹಾಕಿ, ಮೊದಲಿನಿಂದ ಇಳಿಯಬೇಕು. ಅಪ್ಪ ಅವ್ವ ಜೊತೆಗಿದ್ದರೆ ಅವರೂ.

ಮಳೆಗಾಲದಲ್ಲಿ ಗಾಜಿಗೆ ಆವಿ ಕೂತಾಗ ಏಸಿ ಹಚ್ಚುವುದು, ವೈಪರ್ ರಬ್ಬರ್ ಬದಲಿಸುವುದು ಎಲ್ಲರೂ ಹೇಳುವ ಮಾತು. ನಾನು ಸೇರಿಸುವುದು ಒಂದೇ: ರೇನ್‌ಕೋಟಿನ ಟೋಪಿ ಹಾಕಿಕೊಂಡವನಿಗೆ ಪಕ್ಕ ಕಾಣುವುದಿಲ್ಲ, ಹಾರ್ನ್ ಸರಿಯಾಗಿ ಕೇಳುವುದಿಲ್ಲ. ಅವನು ತಿರುಗಿ ನೋಡಿಲ್ಲ ಎಂದರೆ ಸೊಕ್ಕು ಎಂದುಕೊಳ್ಳಬಾರದು.

ಎಲ್ಲರೂ ಕಾರು ಮಾರಿ ಸೈಕಲ್ ಕೊಳ್ಳಿ ಎಂದು ನಾನು ಹೇಳಿದರೆ ನನ್ನ ಹೊಟ್ಟೆ ಮೇಲೇ ಕಲ್ಲು. ನಮ್ಮ ಮನೆಯಲ್ಲೂ ಕಾರಿದೆ. ಅವ್ವನನ್ನು ದವಾಖಾನೆಗೆ ಕರೆದೊಯ್ಯಲು, ಗದಗಿಗೆ ಮದುವೆಗೆ ಹೋಗಲು ಅದು ಬೇಕು. ದುರ್ಗದ ಬೈಲಿಗೆ ಬೇಡ. ಸಂಜೆ ಹೊತ್ತು ಅಲ್ಲಿಗೆ ಕಾರು ಒಯ್ದವರು ಮಿರ್ಚಿ ತಿನ್ನುವುದಕ್ಕಿಂತ ಹೆಚ್ಚು ಹೊತ್ತು ಪಾರ್ಕಿಂಗ್ ಹುಡುಕುತ್ತಾರೆ. ಚನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸ ಶುರುವಾದ ಮೇಲಂತೂ ಊರೊಳಗಿನ ಸಣ್ಣಪುಟ್ಟ ಓಡಾಟಕ್ಕೆ ಸೈಕಲ್ಲೇ ಬೇಗ. ಧಾರವಾಡಕ್ಕೆ ಒಬ್ಬನೇ ಹೋಗುವುದಿದ್ದರೆ ಸೈಕಲ್ ನಿಲ್ಲಿಸಿ ಚಿಗರಿ ಹತ್ತುತ್ತೇನೆ. ಲೈಸೆನ್ಸ್ ಕೈಗೆ ಬಂದ ಹುಡುಗರಿಗೂ ಕೊನೆಯ ಕ್ಲಾಸಿನಲ್ಲಿ ಕಾರನ್ನು ಪೇಟೆಯಿಂದ ಆಚೆ ನಿಲ್ಲಿಸಿ, ಅಲ್ಲಿಂದ ಪೇಟೆಗೆ ನಡೆಸಿಕೊಂಡು ಹೋಗುತ್ತೇನೆ. ಆರ್‌ಟಿಒ ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ಸ್ ಇಲ್ಲ.

ಈಗೀಗ ಹೊಸ ತಲೆನೋವು ಎಲೆಕ್ಟ್ರಿಕ್ ಮತ್ತು ಆಟೋಮ್ಯಾಟಿಕ್ ಕಾರುಗಳದು. ಮನೆಯಲ್ಲಿ ಅಂಥ ಕಾರಿರುವ ಹುಡುಗರು ಕ್ಲಚ್ ಯಾಕೆ ಕಲೀಬೇಕ್ರಿ ಎನ್ನುತ್ತಾರೆ. ಕಲಿಯದಿದ್ದರೂ ನಡೆದೀತು. ಆದರೆ ಹಲವು ಕಾರುಗಳು ಬ್ರೇಕಿನಿಂದ ಕಾಲು ತೆಗೆದರೆ ಸಾಕು, ತಾವೇ ಮುಂದೆ ಸರಿಯುತ್ತವೆ. ಸಿಗ್ನಲ್ಲಿನಲ್ಲಿ ಮುಂದೆ ಸೈಕಲ್ ನಿಂತಿದ್ದರೆ ಅದಕ್ಕೆ ಹೋಗಿ ತಾಗುತ್ತದೆ. ಎಲೆಕ್ಟ್ರಿಕ್ ಕಾರಿಗೆ ನಿಧಾನ ಹೋಗುವಾಗ ಸಪ್ಪಳವೇ ಸಾಲದು, ಹಿಂದೆ ಗಾಡಿ ಬಂತು ಎಂಬುದು ಸೈಕಲ್ಲಿನವನ ಕಿವಿಗೆ ಬೀಳುವುದಿಲ್ಲ. ಅಂಥವರಿಗೆ ಈಗ ಎರಡು ನಿಯಮ ಮಾಡಿದ್ದೇನೆ: ಸಿಗ್ನಲ್ಲಿನಲ್ಲಿ ಸೈಕಲ್ಲಿನ ಹಿಂದಿನ ಗಾಲಿ ಪೂರ್ತಿ ನೆಲಕ್ಕೆ ತಾಗಿದ್ದು ಕಾಣುವಷ್ಟು ದೂರ ನಿಲ್ಲಬೇಕು, ದಾಟುವ ಮೊದಲು, ಇನ್ನೂ ದೂರ ಇರುವಾಗಲೇ, ಹಾರ್ನನ್ನು ಒಮ್ಮೆ ಸಣ್ಣಗೆ ಮುಟ್ಟಿ ಬಿಡಬೇಕು. ಪಕ್ಕಕ್ಕೆ ಬಂದ ಮೇಲೆ ಹೊಡೆದರೆ ಆ ಕ್ಲಾಸ್ ಮತ್ತೊಮ್ಮೆ.