ಹಳೆಯ ಜಿಡಬ್ಲ್ಯು-ಬೇಸಿಕ್ ಇಂದಿನ ಲ್ಯಾಪ್‌ಟಾಪಿನಲ್ಲಿ: ಎಡವುವುದು ಎಲ್ಲಿ?

ಚಪ್ಪಲಿ ಹೊರಗೆ ಬಿಟ್ಟು ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಹೋಗುತ್ತಿದ್ದ ಕಾಲ ನೆನಪಿದೆಯಾ? ಕಪ್ಪು ಸ್ಕ್ರೀನು, ಎಡಗಡೆ 'ಓಕೆ' ಎಂಬ ಪದ, ತಳದಲ್ಲಿ ಫಂಕ್ಷನ್ ಕೀಗಳ ಸಾಲು. ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲ ಪ್ರೋಗ್ರಾಂ ಬರೆಸಿದ್ದು ಆ ಜಿಡಬ್ಲ್ಯು-ಬೇಸಿಕ್.

ಬೇಸಿಕ್ ಭಾಷೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಅದನ್ನು ಮಾಡಿದರು. ಮುಂದೆ ಐಬಿಎಂ ಪಿಸಿಗೆ ಬಂದ ಬೇಸಿಕ್‌ನ ಒಂದು ಭಾಗ ಆ ಯಂತ್ರದ ಚಿಪ್‌ನಲ್ಲೇ ಇತ್ತು. ಹಾಗಾಗಿ ಬೇರೆ ಕಂಪನಿಗಳ ಪಿಸಿಗಳಲ್ಲಿ ಅದು ಓಡುತ್ತಿರಲಿಲ್ಲ. ಚಿಪ್‌ನ ಹಂಗಿಲ್ಲದೆ ಓಡುವಂತೆ ಮೈಕ್ರೋಸಾಫ್ಟ್ 1983ರಲ್ಲಿ ಕೊಟ್ಟಿದ್ದೇ ಜಿಡಬ್ಲ್ಯು-ಬೇಸಿಕ್.

ಈಗ ಕೆಲವರಿಗೆ ಮನೆಯಲ್ಲಿ ಹಳೆಯ ಸಿಡಿ ಸಿಗುತ್ತದೆ, ಇನ್ನು ಕೆಲವರಿಗೆ ಮಕ್ಕಳಿಗೆ ತೋರಿಸುವ ಆಸೆ. ನನ್ನ ಸೋದರಮಾವ ತಮ್ಮ ಹಾಲಿನ ಲೆಕ್ಕದ ಪ್ರೋಗ್ರಾಂ ತಂದುಕೊಟ್ಟಿದ್ದರು. ಇಂಥವರ ಪಕ್ಕ ಕೂತು ಸಾಕಷ್ಟು ಸಲ ನೋಡಿದ್ದೇನೆ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಅದಕ್ಕೇ ಈ ಬರಹ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ಸಾಮಾನು

64-ಬಿಟ್ ವಿಂಡೋಸ್‌ನಲ್ಲಿ ಇದು ನೇರವಾಗಿ ಓಡುವುದಿಲ್ಲ. ಹಳೆಯ ಡಾಸ್ ಕಾಲದ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಜಿಡಬ್ಲ್ಯು-ಬೇಸಿಕ್‌ನ ಫೈಲು ಬರೀ 80 ಕೆಬಿ ಆಸುಪಾಸು. ಹತ್ತಾರು ಎಂಬಿಯ ಇನ್‌ಸ್ಟಾಲರ್ ಕೊಡುವ ಸೈಟುಗಳಿಂದ ದಯವಿಟ್ಟು ದೂರವಿರಿ. 80 ಕೆಬಿ ಫೈಲಿಗೆ ಇನ್‌ಸ್ಟಾಲರ್ ಯಾಕೆ ಬೇಕು? ಮೈಕ್ರೋಸಾಫ್ಟ್ 2020ರಲ್ಲಿ ಇದರ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆದರೆ ಅದು ಅಸೆಂಬ್ಲಿ ಭಾಷೆಯ ಕೋಡ್, ಡೌನ್‌ಲೋಡ್ ಮಾಡಿದ ಕೂಡಲೇ ಓಡಿಸಲು ಬರುವುದಿಲ್ಲ. ಹಳೆಯ ಫೈಲ್ ಕೈಯಲ್ಲಿ ಇಲ್ಲದಿದ್ದರೆ ಪಿಸಿ-ಬೇಸಿಕ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ. ಅದು ಇದೇ ಕಮಾಂಡುಗಳಿಗೆ ಇದೇ ರೀತಿ ನಡೆದುಕೊಳ್ಳುತ್ತದೆ.

ಫೋಲ್ಡರ್ ಜೋಡಿಸುವುದು

ಒಂದು ಹೊಸ ಫೋಲ್ಡರ್ ಮಾಡಿ ಫೈಲನ್ನು ಅದರೊಳಗೆ ಹಾಕಿ. ಡಾಸ್‌ಬಾಕ್ಸ್‌ನಲ್ಲಿ ಮೌಂಟ್, ಸ್ಪೇಸ್, ಸಿ, ಸ್ಪೇಸ್, ಆಮೇಲೆ ಆ ಫೋಲ್ಡರಿನ ಪೂರ್ತಿ ವಿಳಾಸ ಕೊಡಿ. ಇಡೀ ಸಿ ಡ್ರೈವನ್ನು ಮಾತ್ರ ಜೋಡಿಸಬೇಡಿ. ಒಂದು ತಪ್ಪು ಕಮಾಂಡ್ ನಿಮ್ಮ ನಿಜವಾದ ಫೈಲುಗಳನ್ನೇ ಅಳಿಸಬಹುದು. ಆಮೇಲೆ ಸಿ ಮತ್ತು ಕೋಲನ್, ಎಂಟರ್. ನಂತರ ಜಿಡಬ್ಲ್ಯುಬೇಸಿಕ್, ಎಂಟರ್. ನನ್ನಲ್ಲಿರುವ 3.23 ಆವೃತ್ತಿ 60300 ಬೈಟ್ಸ್ ಖಾಲಿ ಇದೆ ಎಂದು ತೋರಿಸುತ್ತದೆ. ನಡುವೆ ಹೊಸ ಫೈಲ್ ಹಾಕಿದರೆ ಕಂಟ್ರೋಲ್ ಮತ್ತು ಎಫ್4 ಒತ್ತಿ, ಆಗಲೇ ಅದು ಕಾಣುತ್ತದೆ. ಕಂಟ್ರೋಲ್ ಜೊತೆ ಎಫ್9 ಮಾತ್ರ ಬೇಡವೇ ಬೇಡ. ಡಾಸ್‌ಬಾಕ್ಸ್ ಆ ಕ್ಷಣವೇ ಮುಚ್ಚಿಹೋಗುತ್ತದೆ.

ಬರೆಯುವುದು, ತಿದ್ದುವುದು

ಬರೆಯುವುದು ಸುಲಭ. 10 ಇನ್‌ಪುಟ್ ಎಲ್, ಎಂಟರ್. 20 ಇನ್‌ಪುಟ್ ಆರ್, ಎಂಟರ್. 30 ಪ್ರಿಂಟ್ ಎಲ್+ಆರ್, ಎಂಟರ್. ಎಲ್ ಅಂದರೆ ಲೀಟರ್, ಆರ್ ಅಂದರೆ ದರ. ಓಡಿಸಲು ಎಫ್2 ಒತ್ತಿ 4 ಲೀಟರ್, 44 ರೂಪಾಯಿ ಕೊಟ್ಟರೆ 48 ಬರುತ್ತದೆ. ಗುಣಿಸುವ ಬದಲು ಕೂಡಿಸಿದ್ದೇವೆ, ತಿದ್ದಬೇಕು.

ಎಡವುವುದು ಇಲ್ಲೇ. ಲಿಸ್ಟ್ ಎಂದು ಕೊಟ್ಟು ಪ್ರೋಗ್ರಾಂ ಸ್ಕ್ರೀನಿಗೆ ತರಿಸಿ, ಬಾಣದ ಕೀಯಿಂದ ಮೇಲೆ ಹೋಗಿ, ಪ್ಲಸ್ ಜಾಗದಲ್ಲಿ ನಕ್ಷತ್ರದ ಗುರುತು ಹಾಕುತ್ತಾರೆ. ಅಲ್ಲಿಂದ ಬಾಣದ ಕೀಲೇ ಕೆಳಗಿಳಿದು ಎಫ್2 ಒತ್ತುತ್ತಾರೆ. ಮತ್ತೆ 48! ಸ್ಕ್ರೀನಿನಲ್ಲಿ ನಕ್ಷತ್ರ ಕಾಣುತ್ತಿದೆ, ಉತ್ತರ ಮಾತ್ರ ಹಳೆಯದೇ. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಕೈಬಿಡುತ್ತಾರೆ.

ಕೆಟ್ಟಿಲ್ಲ. ಸ್ಕ್ರೀನ್ ಬೇರೆ, ಮೆಮೊರಿ ಬೇರೆ. ಸ್ಕ್ರೀನ್ ಒಂದು ಸ್ಲೇಟು, ಪ್ರೋಗ್ರಾಂ ಇರುವುದು ಮೆಮೊರಿ ಎಂಬ ಲೆಕ್ಕದ ಪುಸ್ತಕದಲ್ಲಿ. ಸ್ಲೇಟಿನ ಮೇಲೆ ತಿದ್ದಿದ್ದು ಪುಸ್ತಕಕ್ಕೆ ಏರಬೇಕಾದರೆ ಕರ್ಸರ್ ಆ ಸಾಲಿನಲ್ಲೇ ಇರುವಾಗ ಎಂಟರ್ ಒತ್ತಬೇಕು. ಸಾಲಿನ ಕೊನೆಗೆ ಹೋಗಬೇಕಿಲ್ಲ, ನಡುವಿನಲ್ಲಿದ್ದರೂ ಪೂರ್ತಿ ಸಾಲು ಏರುತ್ತದೆ. ಮೂರು ಸಾಲು ತಿದ್ದಿದರೆ ಮೂರು ಸಲ ಎಂಟರ್. ಆಮೇಲೆ ಖಾಲಿ ಸಾಲಿಗೆ ಬಂದು ಮತ್ತೆ ಲಿಸ್ಟ್ ಕೊಟ್ಟು ನೋಡಿ. ಈ ಎರಡನೇ ಲಿಸ್ಟ್ ಬಿಡಲೇಬೇಡಿ. ಆಗ ಕಾಣುವುದಷ್ಟೇ ನಿಜವಾದ ಪ್ರೋಗ್ರಾಂ. ಈಗ ಓಡಿಸಿದರೆ 176 ಬರುತ್ತದೆ.

ಖಾಲಿ ಸಾಲು ಎಂದು ಒತ್ತಿ ಹೇಳಲು ಕಾರಣವಿದೆ. ಎಫ್2 ಕೀ ರನ್ ಎಂಬ ಅಕ್ಷರಗಳನ್ನು ಟೈಪ್ ಮಾಡಿ ತಾನೇ ಎಂಟರ್ ಒತ್ತುತ್ತದೆ. 30ನೇ ಸಾಲಿನ ನಡುವೆ ನಿಂತು ಒತ್ತಿದರೆ ರನ್ ಆ ಸಾಲಿನೊಳಗೇ ಸೇರಿ ಸಾಲು ಹಾಳಾಗುತ್ತದೆ.

ಸಾಮಾನ್ಯವಾಗಿ ಹೊಸ ಅಕ್ಷರ ಹಳೆಯದರ ಮೇಲೆ ಕೂರುತ್ತದೆ. ನಡುವೆ ಸೇರಿಸಲು ಇನ್ಸರ್ಟ್ ಒತ್ತಿ. ಬಾಣದ ಕೀ ಮುಟ್ಟಿದರೆ ಇನ್ಸರ್ಟ್ ಆರಿಹೋಗುತ್ತದೆ, ಮತ್ತೆ ಒತ್ತಬೇಕು. ಸಾಲು ತೆಗೆಯಲು ಅದರ ನಂಬರ್ ಮಾತ್ರ ಟೈಪ್ ಮಾಡಿ ಎಂಟರ್ ಕೊಡಿ. ಸಾಲಿನ ಮುಂದಿನ 30 ಅನ್ನು 40 ಮಾಡಿ ಎಂಟರ್ ಕೊಟ್ಟರೆ 30 ಹಾಗೇ ಉಳಿದು 40 ಹೊಸದಾಗಿ ಬರುತ್ತದೆ. ಒಂದೇ ತರದ ಸಾಲು ಜಾಸ್ತಿ ಬೇಕಾದಾಗ ನಾನು ಮಾಡುವುದು ಹೀಗೇ.

'ಓಕೆ' ಇರುವ ಸಾಲಿನ ಮೇಲೆ ಎಂಟರ್ ಬಿದ್ದು ಸಿಂಟ್ಯಾಕ್ಸ್ ಎರರ್ ಬಂದರೆ ಹೆದರಬೇಡಿ, ಏನೂ ಹಾಳಾಗಿರುವುದಿಲ್ಲ. ಸಿಎಲ್ಎಸ್ ಕೂಡ ಸ್ಲೇಟನ್ನಷ್ಟೇ ಒರೆಸುತ್ತದೆ. ಆದರೆ ನ್ಯೂ ಎಂದರೆ ಪುಸ್ತಕವೇ ಖಾಲಿ, ಒಂದು ಮಾತೂ ಕೇಳುವುದಿಲ್ಲ.

ಸೇವ್

ಎಫ್4 ಒತ್ತಿದರೆ ಸೇವ್ ಎಂಬ ಪದ, ಒಂದು ಕೋಟ್ ಗುರುತು ತಾವಾಗಿಯೇ ಬರುತ್ತವೆ. ಎಂಟು ಅಕ್ಷರದೊಳಗಿನ ಹೆಸರು ಕೊಟ್ಟು, ಕೋಟ್ ಮುಚ್ಚಿ, ಕಾಮಾ ಮತ್ತು ಎ ಸೇರಿಸಿ ಎಂಟರ್ ಒತ್ತಿ. ಈ ಕಾಮಾ ಎ ಇದ್ದರೆ ಪ್ರೋಗ್ರಾಂ ಸರಳ ಅಕ್ಷರಗಳಲ್ಲಿ ಉಳಿಯುತ್ತದೆ, ನೋಟ್‌ಪ್ಯಾಡ್‌ನಲ್ಲೂ ಓದಬಹುದು. ಇಲ್ಲದಿದ್ದರೆ ನೋಟ್‌ಪ್ಯಾಡ್‌ನಲ್ಲಿ ಕಾಣುವುದು ಅರ್ಥವಾಗದ ಗುರುತುಗಳು. ಕಾಮಾ ಪಿ ಎಂದೂ ಹಾಕಬಹುದು, ನೀವು ಹಾಕಬೇಡಿ. ಹಾಗೆ ಸೇವ್ ಮಾಡಿದ್ದನ್ನು ಓಡಿಸಬಹುದು. ಬರೆದವರೇ ಬಂದರೂ ಲಿಸ್ಟ್ ಮಾಡಲು, ತಿದ್ದಲು ಬಿಡುವುದಿಲ್ಲ.

ಹೊರಬರಲು ಸಿಸ್ಟಮ್, ಎಂಟರ್. ಸೇವ್ ಮಾಡಿದಿರಾ ಎಂದು ಅದೂ ಕೇಳುವುದಿಲ್ಲ, ಹಾಗಾಗಿ ಎಫ್4 ಮೊದಲು, ಸಿಸ್ಟಮ್ ಆಮೇಲೆ.