ಮಾರ್ಷ್ ಕ್ರೀಕಿನಲ್ಲಿ ಮರಿ ಸಾಲ್ಮನ್ ಎಣಿಸಿದ ಒಂದು ಋತು

ಬೆಳಿಗ್ಗೆ ಹೊಳೆಗೆ ಇಳಿಯುವ ಮೊದಲು ದಂಡೆಯಲ್ಲಿ ನಿಂತು ಕಿವಿಗೊಡುತ್ತಿದ್ದೆ. ಮೀನು ಹಿಡಿಯಲು ಹೊಳೆಯಲ್ಲಿಟ್ಟ ಡ್ರಮ್ ತಿರುಗುವ ಗರಗರ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ರಾತ್ರಿ ತೊಂದರೆಯಾಗಿಲ್ಲವೆಂದು ಲೆಕ್ಕ. ಸದ್ದು ನಿಂತಿದ್ದರೆ ಕಾಫಿ ಲೋಟವನ್ನು ಅಲ್ಲೇ ಬಿಟ್ಟು ಓಡಬೇಕು.

ಅದು ಅಮೆರಿಕದ ಐಡಹೋ ರಾಜ್ಯದ ಮಾರ್ಷ್ ಕ್ರೀಕ್. ಸುಮಾರು 2,000 ಮೀಟರ್ ಎತ್ತರದಲ್ಲಿ ಪೈನ್ ಕಾಡು, ಹುಲ್ಲುಗಾವಲುಗಳ ನಡುವೆ ಹರಿದು, ಬೇರ್ ವ್ಯಾಲಿ ಕ್ರೀಕನ್ನು ಕೂಡಿಕೊಂಡು ಮಿಡಲ್ ಫೋರ್ಕ್ ಸಾಲ್ಮನ್ ನದಿಯಾಗುವ ಹೊಳೆ. ಇಲ್ಲಿ ಹುಟ್ಟಿದ ಚಿನೂಕ್ ಸಾಲ್ಮನ್ ಮರಿ ಪೆಸಿಫಿಕ್ ಸಾಗರ ಸೇರಲು 1,200 ಕಿಲೋಮೀಟರ್‌ಗೂ ಹೆಚ್ಚು ದೂರ ಸಾಗಬೇಕು. ಸ್ನೇಕ್ ಮತ್ತು ಕೊಲಂಬಿಯಾ ನದಿಗಳ ಎಂಟು ಅಣೆಕಟ್ಟುಗಳನ್ನು ದಾಟಬೇಕು. ಸ್ನೇಕ್ ನದಿಯ ಈ ಚಿನೂಕ್ ಸಂತತಿಗೆ 1992ರಿಂದ ಕಾನೂನಿನ ರಕ್ಷಣೆಯಿದೆ. ಪ್ರತಿ ವರ್ಷ ಇಲ್ಲಿಂದ ಎಷ್ಟು ಮರಿಗಳು ಹೊರಟವು ಎಂಬ ಲೆಕ್ಕ ಬೇಕು. ಮಾರ್ಚ್‌ನ ಹಿಮದಿಂದ ನವೆಂಬರ್‌ನ ಮಂಜುಗಡ್ಡೆಯವರೆಗೆ ಆ ಲೆಕ್ಕ ಇಟ್ಟವರಲ್ಲಿ ನಾನೂ ಒಬ್ಬಳು.

ತೀರ್ಥಹಳ್ಳಿಯ ಕಡೆಯ ನನಗೆ ಮೀನು ಹಿಡಿಯುವ ಸಾಧನವೆಂದರೆ ಕೂಳಿ. ಮೊದಲ ಮಳೆಗೆ ಹತ್ತುಮೀನು ಗದ್ದೆಗಳತ್ತ ಏರಿ ಬರುವಾಗ ಹಿರಿಯರು ಅದನ್ನು ಒಡ್ಡುತ್ತಿದ್ದರು. ಇಲ್ಲಿನ ಸ್ಕ್ರೂ ಟ್ರ್ಯಾಪ್ ಇಳಿಯುವ ಮೀನಿಗಾಗಿ ಇರುವುದು. ಎರಡು ತೇಲುಗಳ ನಡುವೆ ಶಂಕುವಿನಾಕಾರದ ಡ್ರಮ್. ಅದರ ಅರ್ಧ ಭಾಗ ನೀರಿನೊಳಗೆ. ಹೊಳೆಯ ಸೆಳೆತವೇ ಅದನ್ನು ತಿರುಗಿಸುತ್ತದೆ, ಒಳಗಿನ ಸುರುಳಿ ಮೀನನ್ನು ಹಿಂದಿನ ತೊಟ್ಟಿಗೆ ಸಾಗಿಸುತ್ತದೆ. ಕರೆಂಟು ಬೇಡ. ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗ ಮಾತ್ರ ಗಟ್ಟಿಯಾಗಿರಬೇಕು.

ಕೈಗೆ ಬಂದ ಮರಿಯನ್ನು ಎಷ್ಟು ಬೇಗ ನೀರಿಗೆ ಬಿಡುತ್ತೇವೆ ಎನ್ನುವುದರಲ್ಲೇ ಈ ಕೆಲಸದ ಹದವಿದೆ. ಬಕೆಟ್ಟಿನಲ್ಲಿ ಟ್ರೈಕೇನ್ ಎಂಬ ಅರಿವಳಿಕೆ ಬೆರೆಸುತ್ತಿದ್ದೆವು. ಅದು ನೀರನ್ನು ಹುಳಿಯಾಗಿಸುವುದರಿಂದ ಜೊತೆಗೆ ಅಡುಗೆ ಸೋಡಾ. ಒಂದೆರಡು ನಿಮಿಷದಲ್ಲಿ ಮೀನು ಮಗ್ಗುಲಾಗುತ್ತದೆ. ಅಂಗೈ ಒದ್ದೆಯಿರಲೇಬೇಕು, ಒಣಗೈ ತಾಗಿದರೆ ಮೈಮೇಲಿನ ಲೋಳೆ, ಹುರುಪೆ ಕಿತ್ತುಬರುತ್ತವೆ. ಜುಲೈನಲ್ಲಿ ಸೊಳ್ಳೆಗಳು ಮೋಡದಂತೆ ಕವಿದರೂ ಕೈಗೆ ಸೊಳ್ಳೆ ಮುಲಾಮು ಹಚ್ಚುವಂತಿಲ್ಲ. ಕಚ್ಚಿಸಿಕೊಂಡೇ ಕೆಲಸ.

ಒಂದು ಮರಿಯನ್ನು ಹತ್ತಿರದಿಂದ ನೋಡಿ. ಬೆರಳುದ್ದ, ಮಗ್ಗುಲಿನಲ್ಲಿ ಯಾರೋ ಹೆಬ್ಬೆಟ್ಟು ಒತ್ತಿದಂತೆ ಸಾಲಾಗಿ ಕಪ್ಪು ಮಚ್ಚೆಗಳು. ಬಾಲಕ್ಕೆ ಸ್ವಲ್ಪ ಮುಂಚೆ ಬೆನ್ನಿನ ಮೇಲೆ ಪುಟ್ಟದೊಂದು ಈಜುರೆಕ್ಕೆ. ಅಂಚಿಗೆ ಕಪ್ಪು ಗೆರೆ, ನಡುವೆ ಗಾಜಿನಂಥ ಪಾರದರ್ಶಕ ಕಿಟಕಿ. ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ ಮರಿಗಳಿಗೆ ಸಾಮಾನ್ಯವಾಗಿ ಆ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ಅದನ್ನು ಇಡಿಯಾಗಿ ಕಂಡಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತಿತ್ತು: ಹೊಳೆಯೇ ಹೆತ್ತು ಬೆಳೆಸಿದ ಮೀನಿದು.

ಉದ್ದವನ್ನು ಮಿಲಿಮೀಟರಿನಲ್ಲಿ, ತೂಕವನ್ನು ಗ್ರಾಮಿನ ಹತ್ತನೇ ಒಂದು ಭಾಗದವರೆಗೆ ಬರೆದುಕೊಂಡು, 60 ಮಿಲಿಮೀಟರಿಗಿಂತ ದೊಡ್ಡದಿದ್ದರೆ ಟೊಳ್ಳು ಸೂಜಿಯಿಂದ ಹೊಟ್ಟೆಯೊಳಗೆ ಪಿಟ್ ಟ್ಯಾಗ್ ಸೇರಿಸುತ್ತಿದ್ದೆವು. ಅದು 12 ಮಿಲಿಮೀಟರಿನ ಗಾಜಿನ ಕೊಳವೆ. ಬ್ಯಾಟರಿಯಿಲ್ಲ, ಆಂಟೆನಾ ಹತ್ತಿರ ಹಾದಾಗ ಮಾತ್ರ ತನ್ನ ಸಂಖ್ಯೆ ಹೇಳುತ್ತದೆ. ಆಮೇಲೆ ಮೀನು ಶುದ್ಧ ನೀರಿನಲ್ಲಿ ಚೇತರಿಸಿಕೊಂಡು ತಾನಾಗಿ ಈಜತೊಡಗಿದರೆ ಮಾತ್ರ ಬಿಡುಗಡೆ.

ತೊಟ್ಟಿಯಲ್ಲಿ ಸಿಕ್ಕಿದ್ದಷ್ಟೇ ಹೊಳೆಯ ಲೆಕ್ಕವಲ್ಲ. ಬಹುಪಾಲು ಮರಿಗಳು ಡ್ರಮ್ಮಿನ ಪಕ್ಕದಿಂದಲೇ ಸಾಗಿಹೋಗುತ್ತವೆ. ಅದಕ್ಕೆ ಟ್ಯಾಗ್ ಹಾಕಿದ ಕೆಲವನ್ನು ಬಕೆಟ್ಟಿನಲ್ಲಿ ಹೊತ್ತು ಹೊಳೆಯ ಮೇಲ್ಭಾಗಕ್ಕೆ ನಡೆದು ಬಿಡಬೇಕು. 200 ಬಿಟ್ಟು 30 ಮತ್ತೆ ಸಿಕ್ಕರೆ ಟ್ರ್ಯಾಪ್ ಹಿಡಿಯುವುದು ನೂರಕ್ಕೆ 15. ಹಾಗಿದ್ದರೆ 300 ಸಿಕ್ಕ ದಿನಗಳಲ್ಲಿ ಸುಮಾರು 2,000 ಮರಿಗಳು ದಾಟಿವೆ. ನೀರು ಏರಿದರೆ ಈ ಪ್ರಮಾಣವೂ ಬದಲಾಗುತ್ತದೆ, ಮತ್ತೆ ಹೊತ್ತು ನಡೆಯಬೇಕು.

ಬೆಣಚುಕಲ್ಲುಗಳ ನಡುವೆ ಇಟ್ಟ ಮೊಟ್ಟೆಗಳಿಂದ ವಸಂತದಲ್ಲಿ ಹೊರಬಂದ ಮರಿಗಳಲ್ಲಿ ಅನೇಕವು ಅದೇ ಶರತ್ಕಾಲದಲ್ಲಿ ಕೆಳಗಿನ ದೊಡ್ಡ ನದಿಗೆ ಇಳಿಯುತ್ತವೆ. ಉಳಿದವು ಇಲ್ಲೇ ಚಳಿಗಾಲ ಕಳೆದು, ಮರುವಸಂತದಲ್ಲಿ ಬೆಳ್ಳಿಮೈ ತಳೆದು ಸಮುದ್ರದ ದಾರಿ ಹಿಡಿಯುತ್ತವೆ. ಹಾಗಾಗಿ ಸೆಪ್ಟೆಂಬರ್, ಅಕ್ಟೋಬರ್ ನಮಗೆ ಸುಗ್ಗಿ. ನನ್ನಿಂದ ತಪ್ಪಾದದ್ದೂ ಆಗಲೇ.

ಸೆಪ್ಟೆಂಬರ್ ಕೊನೆಯ ಒಂದು ಸಂಜೆ ಮಳೆಯ ಮುನ್ಸೂಚನೆಯಿತ್ತು. ಡ್ರಮ್ ಮೇಲೆತ್ತಿಬಿಟ್ಟರೆ ಒಂದು ರಾತ್ರಿಯ ಲೆಕ್ಕ ಹೋಗುತ್ತದಲ್ಲ ಎಂದು ನಾನು ಎತ್ತಲಿಲ್ಲ. ಬೆಳಿಗ್ಗೆ ಸದ್ದಿರಲಿಲ್ಲ. ಪೈನ್ ಕೊಂಬೆಯೊಂದು ಡ್ರಮ್ಮಿಗೆ ಅಡ್ಡ ಸಿಕ್ಕಿಕೊಂಡಿತ್ತು, ತೊಟ್ಟಿಯ ತುಂಬ ಸೂಜಿಯೆಲೆ, ಕಸ. ಅದರಡಿ 41 ಮರಿಗಳು ಸತ್ತಿದ್ದವು. ಒಂದೊಂದನ್ನೂ ಅಳೆದು ಬರೆದೆ. ಎಷ್ಟು ಮೀನು ಸಾಯಬಹುದು ಎಂಬುದಕ್ಕೂ ಪರವಾನಗಿಯಲ್ಲಿ ಮಿತಿಯಿದೆ, ಮುಚ್ಚಿಡುವಂತಿಲ್ಲ. ಹಿರಿಯ ಸಹೋದ್ಯೋಗಿ ಬೈಯಲಿಲ್ಲ. ಪಕ್ಕದಲ್ಲಿ ಕೂತು ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ ಹೇಳಿದರು, ನಾನು ಬರೆದೆ. ಅಂದಿನಿಂದ ಮಳೆಯ ರಾತ್ರಿಗಳಲ್ಲಿ ಡ್ರಮ್ ಮೇಲೆತ್ತಿದೆವು. ಸಂದೇಹವಿದ್ದ ರಾತ್ರಿ ಹಣೆದೀಪ ಕಟ್ಟಿಕೊಂಡು ಎರಡು ಗಂಟೆಗೊಮ್ಮೆ ಹೋಗಿ ನೋಡಿದೆವು.

ಅಂದು ಬದುಕುಳಿದವುಗಳಲ್ಲಿ ಗಟ್ಟಿಯಾಗಿದ್ದ 63ಕ್ಕೆ ಮರುದಿನ ಟ್ಯಾಗ್ ಹಾಕಿ ಬಿಟ್ಟಿದ್ದೆ. ಆ ಸಂಖ್ಯೆಗಳನ್ನು ಬೇರೆಯಾಗಿ ಬರೆದಿಟ್ಟುಕೊಂಡಿದ್ದೆ. ಮರುವರ್ಷದ ಮೇ ತಿಂಗಳಲ್ಲಿ, ಆ ಕೆಲಸ ಬಿಟ್ಟು ಬೇರೆ ಊರಿನಲ್ಲಿದ್ದಾಗ, ದತ್ತಾಂಶ ತಾಣದಲ್ಲಿ ಅವನ್ನು ಒಂದೊಂದಾಗಿ ಹುಡುಕಿದೆ. ಮೊದಲ ಅಣೆಕಟ್ಟಾದ ಲೋವರ್ ಗ್ರಾನೈಟಿನಲ್ಲಿ ಒಂಬತ್ತು ಮರಿಗಳು ದಾಖಲಾಗಿದ್ದವು. ಆಂಟೆನಾಗಳಿಲ್ಲದ ದಾರಿಯಲ್ಲಿ ಹೋದವೂ ಇರುತ್ತವೆ. ಆ ಒಂಬತ್ತರಲ್ಲಿ ಒಂದು, ನನ್ನ ಕೈಯಲ್ಲಿದ್ದಾಗ 88 ಮಿಲಿಮೀಟರ್ ಇದ್ದದ್ದು, ಎರಡು ವಾರಗಳ ನಂತರ ಕೊನೆಯ ಅಣೆಕಟ್ಟು ಬಾನವಿಲ್ಲಿನಲ್ಲೂ ದಾಖಲಾಗಿತ್ತು. ಅಲ್ಲಿಂದ ಮುಂದೆ ಸಮುದ್ರದವರೆಗೆ ಅಣೆಕಟ್ಟಿಲ್ಲ.